ಏಳಲು ಬಾರದ ಹೆಣ

ತಬೆರ್ನಾಸ್ ಊರಿನ ಇಂದಲೆಸಿಯೊ ಸಾಯುವುದರಲ್ಲಿ ಎತ್ತಿದ ಕೈ. ಇಟಲಿಯವರು ನಮ್ಮ ಸ್ಪೇನಿನ ಈ ಬೋಳುಗುಡ್ಡಗಳಿಗೆ ಬಂದು, ಹಲಗೆಯ ಊರೊಂದನ್ನು ನಿಲ್ಲಿಸಿ, ಅಮೆರಿಕದ ಕೌಬಾಯ್ ಚಿತ್ರ ತೆಗೆಯಲು ಶುರುಮಾಡಿದಾಗಿನಿಂದ ಅವನಿಗೆ ಅದೇ ಕಸುಬು. ಕುದುರೆಯ ಮೇಲಿಂದ, ಹೆಂಡದಂಗಡಿಯ ಮಾಳಿಗೆಯಿಂದ, ಎಲ್ಲಿಂದ ಹೇಳಿದರೆ ಅಲ್ಲಿಂದ ಬಿದ್ದು ಸಾಯುತ್ತಿದ್ದ. ಮೊದಲು ಗಣಿಯಲ್ಲಿದ್ದವನು. ಗಣಿಯಲ್ಲಿ ಸತ್ತರೆ ಒಂದೇ ಸಲ, ಇಲ್ಲಿ ಸತ್ತ ಮೇಲೂ ಊಟ ಹಾಕುತ್ತಾರೆ ಎಂದು ಗಣಿಗೆ ಕೈಮುಗಿದು ಬಂದಿದ್ದ.

ಆದರೆ ಅವನ ಮುಖವನ್ನು ಪರದೆಯ ಮೇಲೆ ಕಂಡವರಿಲ್ಲ. ಬಡ ಚಿತ್ರಗಳಲ್ಲಿ ಒಬ್ಬನೇ ಆಸಾಮಿ ಬೆಳಿಗ್ಗೆ ದರೋಡೆಕೋರನಾಗಿ, ಮಧ್ಯಾಹ್ನ ಸಿಪಾಯಿಯಾಗಿ ಸಾಯಬೇಕು. ಆದ್ದರಿಂದ ಮುಖ ಕಾಣದಂತೆ ಬೀಳುವುದೇ ಆ ವಿದ್ಯೆಯ ಗುಟ್ಟು. ಅವನ ಹೆಂಡತಿ ಆಂಗುಸ್ತಿಯಾಸ್ ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ, ತನ್ನ ಗಂಡನ ಬೆನ್ನು ಮಾತ್ರ ರೋಮಿನವರೆಗೂ ಹೆಸರುವಾಸಿ ಎಂದು ತಾನೇ ಹಂಗಿಸಿ ನಗುತ್ತಿದ್ದಳು. ಬೇರೆಯವರು ನಗುವ ಮೊದಲು ನಾವೇ ನಕ್ಕುಬಿಟ್ಟರೆ ನೋವು ಕಡಿಮೆ ಎಂದು ಅವಳಿಗೆ ಗೊತ್ತಿತ್ತು.

ಆ ವರ್ಷ ಕ್ರಿಸ್‌ಮಸ್ಸಿಗೆ ಅವಳ ತಮ್ಮ ಫೆರ್ಮಿನ್ ಜರ್ಮನಿಯಿಂದ ಬಂದ. ಅಲ್ಲಿ ಪೈಪು ಮಾಡುವ ಕಾರ್ಖಾನೆಯಲ್ಲಿದ್ದ. ಬಂದವನು ಕಾರಿನಲ್ಲಿ ಬಂದಿದ್ದ, ಕಾರಿನಿಂದ ಇಳಿಯುವುದಕ್ಕೆ ಅವನಿಗೆ ಮನಸ್ಸೇ ಇರಲಿಲ್ಲ. ಕೌಬಾಯ್ ಚಿತ್ರಗಳ ಕಾಲ ಮುಗಿಯಿತು, ಹಲಗೆಯ ಊರಿಗೆ ಗೆದ್ದಲು ಹತ್ತಿದೆ, ಆಗಸ್ಟಿನಲ್ಲಿ ಬಂದಾಗ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ, ಭಾವನಿಗೂ ಕೆಲಸ ಕೊಡಿಸುತ್ತೇನೆ ಎಂದ. ಇಂದಲೆಸಿಯೊಗೆ ಜೀವ ಹೋದಂತಾಯಿತು. ಈ ಊರು, ಈ ಬಿಸಿಲು, ತನ್ನ ಮೇಕೆಗಳನ್ನು ಬಿಟ್ಟು ಮಂಜಿನ ದೇಶದಲ್ಲಿ ಪೈಪು ಎಣಿಸುವುದು ಅವನಿಗೆ ನಿಜವಾದ ಸಾವೇ. ಫೆಬ್ರವರಿಯಲ್ಲಿ ಒಂದು ಚಿತ್ರವಿದೆ, ಅದರಲ್ಲಿ ನನ್ನ ಮುಖ ಬರುತ್ತದೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿದ.

"ಸರಿ. ಬೇಸಿಗೇಲಿ ಕಣದ ಗೋಡೆ ಮೇಲೆ ಹಾಕೋ ಸಿನಿಮಾದಲ್ಲಿ ಊರೆಲ್ಲಾ ನೋಡೋ ಹಾಗೆ ನಿನ್ನ ಮುಖ ಬಂತಾ, ಇಲ್ಲೇ ಇರೋಣ" ಎಂದಳು ಆಂಗುಸ್ತಿಯಾಸ್. "ಬರ್ಲಿಲ್ವಾ, ಬಾಯಿ ಮುಚ್ಕೊಂಡು ಕಾರ್ ಹತ್ತಬೇಕು."

ಚಿತ್ರವಿದ್ದದ್ದಂತೂ ನಿಜ. ನಿರ್ದೇಶಕ ಗಾಸ್ಪಾರಿ ಇಟಲಿಯವನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಜಾತಿ. ಜನಕ್ಕೀಗ ಬಂದೂಕು ಸಾಕಾಗಿದೆ, ಹೆದರಿಕೆ ಬೇಕಾಗಿದೆ ಎಂದು ಅವನಿಗೆ ಯಾರೋ ಹೇಳಿದ್ದರು. ಎರಡನ್ನೂ ಒಂದೇ ಮಡಕೆಗೆ ಹಾಕಿ ಕಲಸಿದ: ಗುಂಡೇಟಿಗೆ ಸತ್ತ ಕೌಬಾಯ್‌ಗಳು ಗೋರಿಯಿಂದೆದ್ದು ಬಂದು ಊರವರನ್ನು ತಿನ್ನುತ್ತಾರೆ. ಕಥೆಗೆ ಪಾಳುಬಿದ್ದ ಊರು ಬೇಕಿತ್ತು, ಹಲಗೆಯ ಊರು ಖರ್ಚಿಲ್ಲದೆ ತಾನಾಗಿಯೇ ಪಾಳು ಬಿದ್ದಿತ್ತು. ಸತ್ತವರನ್ನು ಎಬ್ಬಿಸುವ ಹಕ್ಕು ಒಬ್ಬನಿಗೇ ಇರುವುದು ಎಂದು ನಮ್ಮ ಪಾದ್ರಿ ಭಾನುವಾರ ಗುಡುಗಿದರು. ಸೋಮವಾರ ಗಾಸ್ಪಾರಿ ಇಗರ್ಜಿಯ ಸೂರಿಗೆ ಹೆಂಚು ಕಳಿಸಿದ, ಮಂಗಳವಾರ ಪಾದ್ರಿಗಳು ಹಳೆಯ ಸ್ಮಶಾನದ ಶಿಲುಬೆಗಳನ್ನೇ ಎರವಲು ಕೊಟ್ಟರು.

ಉಡುಪಿಗೆ ದುಡ್ಡಿರಲಿಲ್ಲ. ಹೆಣವಾಗುವವರು ತಮ್ಮನ್ನು ಹೂಳುವಾಗ ಯಾವ ಬಟ್ಟೆ ಹಾಕುತ್ತಾರೋ ಅದರಲ್ಲೇ ಬರಬೇಕೆಂದು ಊರಿನ ಹೆಂಡದಂಗಡಿಯಲ್ಲಿ ಸಾರಿದರು. ಗಾಸ್ಪಾರಿ ಮಾಡಿದ ತಪ್ಪು ಅದೇ. ನಮ್ಮಲ್ಲಿ ಆ ಮಾತು ತಮಾಷೆಯಲ್ಲ. ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಸಾಯುವ ದಿನಕ್ಕೆಂದು ಒಂದು ಜೊತೆ ಬಟ್ಟೆ ಮಡಿಸಿಟ್ಟಿರುತ್ತದೆ. ಗಂಡಸಿಗಾದರೆ ಅದು ಮದುವೆಯ ಸೂಟು: ಅದನ್ನು ತೊಟ್ಟು ಇಗರ್ಜಿಗೆ ಹೋಗುವುದು ಎರಡೇ ಸಲ, ಒಮ್ಮೆ ನಡೆದುಕೊಂಡು, ಒಮ್ಮೆ ಹೊರಿಸಿಕೊಂಡು. ಮರುದಿನ ಬೆಳಿಗ್ಗೆ ಹೆಣಗಳೆಲ್ಲ ಗಡ್ಡ ಹೆರೆದು, ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಕರೀ ಸೂಟು ತೊಟ್ಟು, ನುಸಿಗುಳಿಗೆಯ ವಾಸನೆ ಬೀರುತ್ತಾ ಸಾಲಾಗಿ ಬಂದು ನಿಂತವು. ಗಾಸ್ಪಾರಿ ತಲೆ ಹಿಡಿದುಕೊಂಡು ಕೂತ. ಅವನಿಗೆ ಬೇಕಿದ್ದದ್ದು ಚಿಂದಿ, ಬಂದದ್ದು ಮದುವೆ ದಿಬ್ಬಣ.

ಸೂಟು ಹರಿಯಬೇಕು, ಮಣ್ಣು ಮೆತ್ತಬೇಕು ಎಂದಾಗ ಜನ ಕೆರಳಿದರು. ನಾಳೆ ನಿಜವಾಗಿ ಸತ್ತಾಗ ಚಿಂದಿಯಲ್ಲಿ ಹೂಳಿಸಿಕೊಳ್ಳುವಷ್ಟು ನಮ್ಮ ಮನೆತನ ಕೆಟ್ಟಿಲ್ಲ ಎಂದು ಒಬ್ಬೊಬ್ಬರೇ ಹಳೇ ಬಟ್ಟೆ ತರಲು ಮನೆಗೆ ಹೊರಟರು. ಆಗ ಗಾಸ್ಪಾರಿ ಒಂದು ಆಸೆ ತೋರಿಸಿದ. ಎಲ್ಲಕ್ಕಿಂತ ಮೊದಲು ಏಳುವ ಹೆಣದ ಮುಖ ಪರದೆಯ ತುಂಬಾ ಬರುತ್ತದೆ. ಆ ಹೆಣದ ಮೈಮೇಲೆ ಒಳ್ಳೆಯ ಸೂಟೇ ಹರಿದಿರಬೇಕು. ಯಾರು ಕೊಡುತ್ತಾರೋ ಅವರೇ ಆ ಹೆಣ. ಇಂದಲೆಸಿಯೊನ ಸೂಟು ಆಂಗುಸ್ತಿಯಾಸ್ ಮದುವೆಗೆ ಮೊದಲು ತನ್ನ ಕೈಯಾರೆ ಹೊಲಿದದ್ದು. ಅದರ ಗುಂಡಿಗಳು ಅವಳ ಸತ್ತ ಅಪ್ಪನ ಕೋಟಿನವು. ಅವನು ಕಣ್ಣು ಮುಚ್ಚಿ ತೋಳು ಚಾಚಿದ. ಕತ್ತರಿ ಮೊಣಕೈಯಿಂದ ಶುರುವಾಯಿತು.

ಸಾಯುವುದನ್ನು ಅಷ್ಟು ಚೆನ್ನಾಗಿ ಕಲಿತವನಿಗೆ ಏಳುವುದು ಮಾತ್ರ ಬರಲಿಲ್ಲ. ಯಾರು ಕಲಿಸಿದ್ದರು? ಮೊದಲ ಸಲ ಗುಂಡಿಯಿಂದ ಚಂಗನೆ ಹಾರಿದ. ಊಟದ ಗಂಟೆ ಕೇಳಿದವನ ಹಾಗಿದೆ ಎಂದ ಗಾಸ್ಪಾರಿ. ಆಮೇಲೆ ಕೈ ಚಾಚಿ ತೂರಾಡಿದ. ಕುಡುಕನ ಹಾಗಿದೆ ಎಂದ. ಬಿಸಿಲು ಇಳಿಯುತ್ತಾ ಬಂತು. ಅಡುಗೆಯವನು ಬೇಯಿಸಿದ ಹಿಟ್ಟಿನ ಅಂಬಲಿಗೆ ಕೆಂಪು ಮೆಣಸಿನ ಪುಡಿ ಕಲಸಿ, ಕೊಳೆತ ಮಾಂಸದಂತೆ ಕಾಣಲೆಂದು ಅವನ ಮುಖಕ್ಕೆ ಇನ್ನೊಂದು ಪದರ ಬಳಿದು, ಮತ್ತೆ ಗುಂಡಿಯಲ್ಲಿ ಮಲಗಿಸಿ ಹಗುರವಾಗಿ ಮಣ್ಣು ಮುಚ್ಚಿದರು. ಮಣ್ಣು ಬೆಚ್ಚಗಿತ್ತು. ಇಂದಲೆಸಿಯೊ ನಿದ್ದೆ ಹೋದ.

ಯಾರೋ ಕೂಗಿದ್ದು ಕೇಳಿ ಎದ್ದ. ದಿನಾ ಬೆಳಿಗ್ಗೆ ಹೇಗೆ ಏಳುತ್ತಿದ್ದನೋ ಹಾಗೆಯೇ. ಗಾಸ್ಪಾರಿ ಓಡಿಬಂದು ತಬ್ಬಿಕೊಂಡು, ಇಂಥ ಹೆಣವನ್ನು ಜನ್ಮದಲ್ಲೇ ಕಂಡಿಲ್ಲ ಎಂದ. ಇಂದಲೆಸಿಯೊ ಹಿಗ್ಗಿ ಹೀರೇಕಾಯಿಯಾದ. ಮುಖ ತೊಳೆಯಲು ಹೋಗುವಾಗ ಲಾರಿಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ. ಕಣ್ಣಿಲ್ಲ, ಮೂಗಿಲ್ಲ, ಇದ್ದದ್ದು ಅಂಬಲಿ ಮಾತ್ರ. ಹೆತ್ತ ತಾಯಿ ಬಂದರೂ ಗುರುತು ಸಿಗದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಮುಖಕ್ಕೆ ಬಂತು. ಮನೆಗೆ ಹೋದವನು ಪೆಟ್ಟಿಗೆಯಲ್ಲಿ ಸೂಟಿದ್ದ ಜಾಗದಲ್ಲಿ ಹಳೆಯ ಕಂಬಳಿ ಮಡಿಸಿಟ್ಟು, ಕಂಡವರ ಬಾಯಿಗೂ ಬೀಗ ಹಾಕಿಸಿ, ಆಗಸ್ಟಿನವರೆಗೆ ತುಟಿ ಬಿಚ್ಚಲಿಲ್ಲ.

ಆಗಸ್ಟಿನ ಸುಡುಬೇಸಿಗೆಯಲ್ಲಿ ಫೆರ್ಮಿನ್ ಬಂದ. ಮೇಕೆಗಳನ್ನು ಕೊಳ್ಳುವವರೂ ಗೊತ್ತಾದರು. ಕಣದ ಸುಣ್ಣ ಬಳಿದ ಗೋಡೆಯೇ ನಮ್ಮ ಬೇಸಿಗೆ ಸಿನಿಮಾ. ಕತ್ತಲಾಗುತ್ತಲೇ ಊರವರೆಲ್ಲ ಮನೆಯ ಕುರ್ಚಿ ಹೊತ್ತು, ಸೂರ್ಯಕಾಂತಿ ಬೀಜ ಕಟ್ಟಿಕೊಂಡು ಬಂದರು. ಇಂದಲೆಸಿಯೊ ಹೆಂಡತಿ ಮತ್ತು ಮೈದುನನ ನಡುವೆ ಆರೋಪಿಯ ಹಾಗೆ ಕೂತ.

ಗೋಡೆಯ ಮೇಲೆ ಗೋರಿಯ ಮಣ್ಣು ಅಲುಗಿತು. ಬೀಜದ ಸಿಪ್ಪೆ ಉಗುಳುವ ಸದ್ದೂ ನಿಂತಿತು. ಕೈಯೊಂದು ಮೇಲೆ ಬಂತು, ಆಮೇಲೆ ಕೊಳೆತ ಮುಖ. ಮುಂದೆ ಕೂತಿದ್ದ ಹೆಂಗಸರು ಶಿಲುಬೆ ಗುರುತು ಹಾಕಿಕೊಂಡರು.

"ಇದ್ಯಾರು ಭಾವಾ?" ಎಂದ ಫೆರ್ಮಿನ್. "ನೀವು ಯಾವಾಗ ಬರ್ತೀರಿ?"

ಅಷ್ಟರಲ್ಲಿ ಹೆಣ ಮಗ್ಗುಲಾಗಿ ಮೊಣಕೈ ಊರಿತು. ಒಂದು ಕೈ ಸೊಂಟಕ್ಕೆ ಹೋಯಿತು. ನರಳಿತು, ಎದೆ ಕೆರೆದುಕೊಂಡಿತು. ಎದ್ದು ಕೂತು, ಬಲಗಾಲು ನೀಡಿ, ಮಣ್ಣಿನಲ್ಲಿ ಏನನ್ನೋ ತಡಕಾಡಿತು.

ಆ ಮೌನದಲ್ಲಿ ಆಂಗುಸ್ತಿಯಾಸಳ ಗಂಟಲು ಕಣಕ್ಕೆಲ್ಲ ಕೇಳಿಸಿತು: "ಚಪ್ಪಲಿ ಮಂಚದ ಕೆಳಗಿದೆ ನೋಡು."

ಕುರ್ಚಿಗಳು ಉರುಳುವಂತೆ ಜನ ನಕ್ಕರು. ಮುಂದೆ ಆ ಹೆಣ ಯಾರ ಕುತ್ತಿಗೆಗೆ ಬಾಯಿ ಹಾಕಿದರೂ, ಮೊದಲು ಚಪ್ಪಲಿ ಮೆಟ್ಟಿಕೋ ಎಂದು ಮೂಲೆಮೂಲೆಯಿಂದ ಬುದ್ಧಿ ಹೇಳಿದರು. ಗಾಸ್ಪಾರಿಯ ಹೆದರಿಕೆ ಅಲ್ಲಿಗೆ ಮಣ್ಣುಪಾಲಾಯಿತು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಆಂಗುಸ್ತಿಯಾಸ್, ಇದ್ದಕ್ಕಿದ್ದಂತೆ ಸುಮ್ಮನಾದಳು. ಗೋಡೆಯ ಮೇಲೆ ಹರಿದ ತೋಳು ಜೋತಾಡುತ್ತಿತ್ತು, ಅದರ ಕೊನೆಗೆ ಅವಳ ಅಪ್ಪನ ಗುಂಡಿ.

ಮನೆಗೆ ಬಂದವಳೇ ಪೆಟ್ಟಿಗೆ ತೆಗೆದಳು. ಕಂಬಳಿ ಎತ್ತಿ ನೋಡಿ, ಅಲ್ಲೇ ನೆಲದ ಮೇಲೆ ಕೂತಳು. ಬೈದಿದ್ದರೆ ಇಂದಲೆಸಿಯೊ ಬದುಕಿಕೊಳ್ಳುತ್ತಿದ್ದ, ಅವಳು ಬೈಯಲಿಲ್ಲ. ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ. ಫೆರ್ಮಿನ್ ಮಾತ್ರ ಬಾಗಿಲಲ್ಲಿ ನಿಂತು, ಮುಖವಂತೂ ಕಾಣಲಿಲ್ಲ, ಮಾತು ಅಂದರೆ ಮಾತು, ಬೆಳಿಗ್ಗೆ ಹೊರಡೋಣ ಎಂದ.

"ಇವನನ್ನ ಎಲ್ಲಿಗೂ ಕರ್ಕೊಂಡು ಹೋಗೋಕಾಗಲ್ಲ ಫೆರ್ಮಿನ್" ಎಂದಳು ಆಂಗುಸ್ತಿಯಾಸ್. "ಅಲ್ಲಿ ಯಂತ್ರಕ್ಕೆ ಸಿಕ್ಕಿ ಸತ್ರೆ ತೊಡ್ಸೋಕೆ ಬಟ್ಟೆ ಇಲ್ಲ."

"ಅಕ್ಕಾ, ಜರ್ಮನೀಲಿ ಸೂಟು ಸಿಗಲ್ವಾ?"

"ಅಂಗಡಿ ಸೂಟಲ್ಲಿ ಹೂಳೋಕೆ ಇವನೇನು ಪರದೇಶಿನಾ?" ಆಮೇಲೆ ಗಂಡನ ಕಡೆ ತಿರುಗಿದಳು. "ಹೊಸದು ಹೊಲಿಯೋತನಕ ನೀನು ಸಾಯೋ ಹಾಗಿಲ್ಲ. ನಾನು ನಿಧಾನವಾಗಿ ಹೊಲಿಯೋಳು, ಹೇಳಿದೀನಿ."

ಫೆರ್ಮಿನ್ ಒಬ್ಬನೇ ಕಾರು ಹತ್ತಿದ. ಕೌಬಾಯ್ ಚಿತ್ರಗಳು ಅವನು ಹೇಳಿದ ಹಾಗೇ ನಿಂತುಹೋದವು, ಹಲಗೆಯ ಊರನ್ನು ಗೆದ್ದಲು ತಿಂದಿತು. ಇಂದಲೆಸಿಯೊ ಮೇಕೆ ಕಾಯುತ್ತಾ ಮುದುಕನಾದ. ಇವತ್ತಿಗೂ ಬೆಳಿಗ್ಗೆ ಸೊಂಟ ಹಿಡಿದು, ನರಳಿ, ಬಲಗಾಲು ನೀಡಿ ತಡಕಾಡುತ್ತಾನೆ. ಆಂಗುಸ್ತಿಯಾಸ್ ಆ ಚಳಿಗಾಲದಲ್ಲೇ ಕರೀ ಬಟ್ಟೆ ತಂದು ಕತ್ತರಿಸಿದಳು. ಪೆಟ್ಟಿಗೆಯಲ್ಲಿ ಆ ಹೊಸ ಸೂಟಿನ ಒಂದು ತೋಳು ಹೊಲಿಯದೆ ಇನ್ನೂ ಹಾಗೇ ಇದೆ. ಕಣ್ಣು ಮಂಜಾಗಿದೆ, ದಾರ ಪೋಣಿಸಲಾಗುತ್ತಿಲ್ಲ ಎನ್ನುತ್ತಾಳೆ. ಪಕ್ಕದ ಮನೆಯವಳು ಪೋಣಿಸಿಕೊಡಲು ಬಂದರೆ ಬೈದು ಕಳಿಸುತ್ತಾಳೆ.