ಹಚ್ಚಿ ಹಾಕೂ ಹನಮವ್ವ

ಹನಮವ್ವ ಎದುರಿಗೆ ಬಂದವರ ಮಾರಿ ನೋಡ್ತಿರಲಿಲ್ಲ, ಕೈ ನೋಡ್ತಿದ್ಲು. ಹರೇದ ಹುಡುಗ್ಯಾರ ಬರೇ ಕೈ ಕಂಡ್ರಂತೂ, "ಅಯ್ಯ, ಬೋಳಗೈ! ನಿನ್ನ ಕೈಯಾಗಿನ ನೀರು ಅತ್ತಿಮನ್ಯಾಗ ಯಾರ ಕುಡೀತಾರ?" ಅಂತ ಬೈತಿದ್ಲು. ಹಾನಗಲ್ ಸಂತ್ಯಾಗ ಗೋಣಿತಟ್ಟು ಹಾಸಿ ಕುಂತು, ಸೂಜಿ ಚುಚ್ಚಿ ಹಚ್ಚಿ ಹಾಕೂದು ಆಕಿ ಕೆಲಸ. "ಬೆಳ್ಳಿ ಬಂಗಾರ ಮಂದಿ ಕಸಗೋತಾರ. ಸತ್ತಾಗ ಸಂಗಾಟ ಬರೂದು ಇದೊಂದ" ಅಂತಿದ್ಲು. ನಮ್ಮ ಓಣಿಯಾಕಿ. ನಾನು ಟಂಟಂ ಆಟೋ ಹೊಡ್ಯಾಂವ. ನನ್ನ ಮುಂಗೈ ಮ್ಯಾಲಿನ ಚೇಳೂ ಆಕೀನ ಹಾಕಿದ್ದು. ನಾ ಹೋ ಅಂತ ಒದರಿದ್ರ, "ಗಂಡಸ ಹೌದಲ್ಲೋ ತಮ್ಮಾ?" ಅಂತ ನಕ್ಕು ಇನ್ನೊಂದೀಟು ಒತ್ತಿದ್ಲು. ದುಷ್ಟ ಹೆಣಮಗಳು!

ಬಸ್ ಸ್ಟ್ಯಾಂಡಿನ ಹತ್ರ ಮಷೀನ್ ಟ್ಯಾಟೂ ಅಂಗಡಿ ಆದ ಮ್ಯಾಲ ಹುಡುಗರು ಅತ್ತ ಹೋಗಿ ತೋಳತುಂಬ ಹುಲಿ, ಸಿಂಹ ಬರಿಸ್ಕೊಂಡ್ರು. ಆಕಿ ತಲಿ ಕೆಡಿಸ್ಕೊಳ್ಳಲಿಲ್ಲ. "ಯಾರಿಗೆ ಚುಚ್ಚೀನಂತ ಆ ಮಷೀನಿಗೆ ನೆನಪಿರತೈತೇನು?" ಅಂತಿದ್ಲು.

ಆಕಿಗೆ ನೆನಪಿರತಿತ್ತು. ಅದ ಮುಳುವಾತು. ಒಮ್ಮೆ ವರದಾ ಹೊಳ್ಯಾಗ ಗುರುತು ಸಿಗದ ಮುದುಕಿ ಹೆಣ ತೇಲಿ ಬಂತು. ಕೈಮ್ಯಾಲ ಹಚ್ಚಿ ಇತ್ತಂತ ಪೊಲೀಸರು ಹನಮವ್ವನ್ನ ಕರಸಿದ್ರು. ಕೈ ನೋಡಿದಾಕೀನ, "ಇದು ನಾ ಹಾಕಿದ್ದರೀ ಸಾಹೇಬ್ರ. ಹುಲಗೂರಿನಾಕಿ. ಮನಿಗೆ ಹೇಳಿ ಕಳಸ್ರಿ" ಅಂದ್ಲು. ಅವತ್ತಿಂದ ಇಂಥಾ ಹೆಣ ಸಿಕ್ಕಾಗೆಲ್ಲ ಆಕಿಗೆ ಫೋನು. ಆಕೀನ ಕರಕೊಂಡು ನನ್ನ ಟಂಟಂ ಹೊಂಡ್ತಿತ್ತು.

ಆಮ್ಯಾಲ ಹನಮವ್ವನ ಒಬ್ಬಾಕೇ ಮಗಳು ರೇಣವ್ವ ಯಾರದೋ ಸಂಗಾಟ ಮನಿ ಬಿಟ್ಟು ಹೋದ್ಲು. ಫೋನಿಲ್ಲ, ಸುದ್ದಿಯಿಲ್ಲ. ಹುಡುಕಿ ಸಾಕಾತು. ಅಲ್ಲಿಂದ ಮುಂದ ಪೊಲೀಸರ ಫೋನ್ ಬಂತಂದ್ರ ಹನಮವ್ವ ಮೊದಲ ಕೇಳೂದು, "ಹಚ್ಚಿ ಯಾವ ಕೈಗೈತ್ರಿ?" ಮಗಳಿಗೆ ಹಾಕಿದ್ದು ಎಡಗೈಗೆ. ಬಲಗೈ ಅಂದ್ರ ಎಲಿ-ಅಡಿಕಿ ಬಾಯಿಗೆ ಹಾಕ್ಕೊಂಡು ಗಾಡಿ ಹತ್ತತಿದ್ಲು.

ಯಲವಿಗಿ ರೈಲ್ವೆ ಹಳಿ ಮ್ಯಾಲ ಹೆಣ ಸಿಕ್ಕೈತಿ ಅಂತ ಫೋನ್ ಬಂದ ದಿನ, ಆಕಿ ಯಾವ ಕೈ ಅಂತ ಕೇಳಿದ್ಲು. ಎಡಗೈ ಅಂದ್ರು. ಎಲಿ ಚೀಲ ಮನ್ಯಾಗ ಬಿಟ್ಟು ಬಂದ್ಲು. ದಾರ್ಯಾಗ ನಾನ ತಡೀಲಾರದ, "ಬ್ಯಾರೆ ಯಾರರ ಇರಬೇಕು ಬೇ" ಅಂದೆ.

"ದಾರಿ ನೋಡಿ ಹೊಡಿ" ಅಂದ್ಲು.

ಸವಣೂರು ದವಾಖಾನ್ಯಾಗ ಚಾದರ ಸರಿಸಿ ಕೈಯಷ್ಟ ತೋರಿಸಿದ್ರು. ಮಾರಿ ತೋರಿಸೂವಂಗ ಉಳಿದಿರಲಿಲ್ಲ. ಮುಂಗೈ ಮ್ಯಾಲ ಹಸರು ನವಿಲು, ಅದಕ್ಕ ಕಾಲು ಒಂದ. "ನನ್ನ ಮಗಳರೀ" ಅಂದ್ಲು ಹನಮವ್ವ. "ಸಣ್ಣಾಕಿ ಇದ್ಲು. ಅತ್ಕೊಂತ ಎದ್ದು ಓಡಿದ್ಲು. ಇನ್ನೊಂದು ಕಾಲು ಹಾಕಾಕ ಕೊಡಲೇ ಇಲ್ಲ." ಆ ಕೈ ಹಿಡಕೊಂಡು ಅಲ್ಲೇ ಕುಂತ್ಲು. ನಾ ಹೊರಗ ಬಂದು ಅತ್ತುಬಿಟ್ಟೆ.

ಮಣ್ಣು ಮಾಡಿದ ಮ್ಯಾಲ ಆಕಿ ಸೂಜಿ ಮುಟ್ಟಲಿಲ್ಲ. ಹಾನಗಲ್ ಬಿಟ್ಟು ತವರಿಗೆ, ಹಿರೇಕೆರೂರ ಕಡೆ ಹೋಗೂ ದಿನ ನಾನ ಬಸ್ಸಿಗೆ ಹತ್ತಿಸಿದೆ. "ಏನರ ಮಾತಾಡ ಬೇ" ಅಂದ್ರ, ಕಿಡಕ್ಯಾಗಿಂದ ಎತ್ತಲೋ ನೋಡ್ಕೊಂತ ಅಂದ್ಲು:

"ನಾ ಆ ನವಿಲು ಹಾಕಬಾರದಿತ್ತು ತಮ್ಮಾ. ಹಾಕಿರಲಿಲ್ಲಂದ್ರ, ಎಲ್ಲೋ ಅದಾಳ, ಇವತ್ತಲ್ಲ ನಾಳೆ ಬರ್ತಾಳ ಅಂತ ಇನ್ನಾ ದಾರಿ ಕಾಯ್ತಿದ್ದೆ."