ಗೊಬ್ಬರದ ಸಾಹೇಬರು ಸುಮ್ಮನಿದ್ದರು

ಕುಡುಗೋಲಿನ ಮೊನೆ ನನ್ನ ಅಂಗಿಯ ಕಾಲರಿಗೆ ಸಿಕ್ಕಿಕೊಂಡಿತ್ತು. ಅದನ್ನು ಹಿಡಿದಿದ್ದವನು ಎಳೆಯಲೂ ಇಲ್ಲ, ಬಿಡಲೂ ಇಲ್ಲ. "ಮಾಸ್ತರ, ನೀವು ನಡುವ ಬರಬ್ಯಾಡ್ರಿ" ಎಂದು ಅವನು ಹೇಳಿದ್ದು ಮರ್ಯಾದೆಯಿಂದಲೇ. ಅವನ ಮಗನಿಗೆ ನಾನು ಒಮ್ಮೆ ಅರ್ಜಿ ಬರೆದುಕೊಟ್ಟಿದ್ದೆ.

ಈಗಲೂ ಕ್ಷೌರದಂಗಡಿಯಲ್ಲಿ ಕತ್ತಿನ ಹಿಂದೆ ತಣ್ಣಗಿನ ಕತ್ತಿ ತಾಗಿದರೆ ನಾನು ಆ ಕಾಲುವೆಯ ಸೇತುವೆಯ ಮೇಲೆ ನಿಂತಿರುತ್ತೇನೆ. ಪ್ರತಿ ಸಲವೂ ಬೇರೆ ಏನಾದರೂ ಮಾಡಿ ನೋಡುತ್ತೇನೆ. ಅಂದು ಗುಂಪು ತಡೆದು ನಿಲ್ಲಿಸಿದ್ದ ಮನುಷ್ಯನನ್ನು ಶಾಲೆಯೊಳಗೆ ಎಳೆದುಕೊಂಡು ಬಾಗಿಲು ಹಾಕುತ್ತೇನೆ. ಇಲ್ಲವೆ ಗೊಬ್ಬರದ ಸಾಹೇಬರ ಕಾಲು ಹಿಡಿಯುತ್ತೇನೆ. ಏನು ಮಾಡಿದರೂ ಕೊನೆಗೆ ಆತ ನೀರಿಗೆ ಹಾರುತ್ತಾನೆ.

ಪೂರ್ವ ಬಂಗಾಳದಲ್ಲಿ ಗದ್ದಲವೆದ್ದು, ಯುದ್ಧ ಇವತ್ತು ಆಗುತ್ತದೆ ನಾಳೆ ಆಗುತ್ತದೆ ಎಂದು ಜನ ರೇಡಿಯೋ ಸುತ್ತ ಕೂರುತ್ತಿದ್ದ ವರ್ಷ ಅದು. ನಾನು ಮಸ್ಕಿಯವನು. ರಾಯಚೂರಿನಲ್ಲಿ ಬಿ.ಎ. ಮುಗಿಸಿ ಸಿಂಧನೂರಿನಲ್ಲಿ ಕೋಣೆ ಹಿಡಿದಿದ್ದೆ. ಆರ್.ಎಚ್. ಕ್ಯಾಂಪ್ ಎಂಬ ನಿರಾಶ್ರಿತರ ವಸತಿಯ ಶಾಲೆಯಲ್ಲಿ ಬಂಗಾಳಿ ಮಕ್ಕಳಿಗೆ ಕನ್ನಡ ಕಲಿಸುವ ಹಂಗಾಮಿ ಕೆಲಸ. ಆ ಮಕ್ಕಳ ತಂದೆತಾಯಿ ಪಾಕಿಸ್ತಾನದ ಭಾಗವಾಗಿದ್ದ ತಮ್ಮ ಊರು ಬಿಟ್ಟು, ಮಧ್ಯಪ್ರದೇಶದ ಕಡೆ ಡೇರೆಗಳಲ್ಲಿ ವರ್ಷಗಟ್ಟಲೆ ಇದ್ದು, ಕಾಲುವೆ ನೀರು ಬಂದ ಈ ಎರೆಭೂಮಿಗೆ ಭತ್ತ ಬೆಳೆಯಲು ಬಂದವರು. ಪಾಕಿಸ್ತಾನಕ್ಕೆ ಹೆದರಿ ಓಡಿ ಬಂದವರು ಎಂಬುದು ಸುತ್ತಲಿನ ಹಳ್ಳಿಗಳಿಗೆ ಗೊತ್ತಿತ್ತು. ಆದರೆ ಮಾತಿನಲ್ಲಿ ಅದು "ಪಾಕಿಸ್ತಾನದಿಂದ ಬಂದೋರು" ಎಂದಷ್ಟೇ ಉಳಿದಿತ್ತು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಊಟ ಮಾಡುತ್ತಿದ್ದ ಖಾನಾವಳಿಗೆ ಹೊಸಬರೊಬ್ಬರು ಬರತೊಡಗಿದರು. ಗೊಬ್ಬರದ ಕಂಪನಿಯ ಏಜೆಂಟ್ ಎಂದು ಹೇಳಿಕೊಂಡರು. ಧೋತರ ಉಟ್ಟರೂ ನಡಿಗೆ ಪ್ಯಾಂಟಿನದು. ಯೂರಿಯಾದ ದರ ಕೇಳಿದರೆ ಚೀಲದೊಳಗಿನ ಚೀಟಿ ನೋಡುತ್ತಿದ್ದರು. ಒಂದು ದಿನ ಖಾನಾವಳಿಯ ಮುಂದೆ ಪೊಲೀಸ್ ಜೀಪು ಹಾದಾಗ ಅವರ ಬಲಗೈ ಹಣೆಯ ಕಡೆಗೆ ಅರ್ಧ ಎದ್ದು, ನಡುದಾರಿಯಲ್ಲಿ ಕಿವಿ ತುರಿಸಿಕೊಂಡು ಕೆಳಗಿಳಿಯಿತು. ಅವರು ಗುಪ್ತ ಪೊಲೀಸಿನವರೆಂದು ಅಂದಿನಿಂದ ಊರಿಗೆಲ್ಲ ಗೊತ್ತಾಯಿತು.

ಖಾನಾವಳಿಯ ಅಕ್ಕ ಅವರ ತಾಟಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕುತ್ತಿದ್ದಳು. ನಾನು ಕೇಳಿದರೆ, "ಸರ್ಕಾರದ ಹೊಟ್ಟಿ ಐತಪ್ಪ ಅದು, ಸಣ್ಣದಾದ್ರ ನನ್ನ ಮ್ಯಾಲೆ ಬರತೈತಿ" ಎನ್ನುತ್ತಿದ್ದಳು.

ನಮ್ಮ ಪಂಕ್ತಿಯಲ್ಲೇ ಕೂರುತ್ತಿದ್ದ ಒಬ್ಬ ಮುದುಕರು ನಿಜಾಮನ ಕಾಲ ನೋಡಿದವರು. ಅವರಿಗೆ ಈ ವೇಷ ಹಿಡಿಸಿರಲಿಲ್ಲ. "ಆವಾಗ ಖುಫಿಯಾ ಮಂದಿ ಇರ್ತಿದ್ರು ನೋಡ್ರಿ. ಬಳಿ ಮಾರಾಕ ಬರ್ತಿದ್ರು, ಅತ್ತರ ಮಾರಾಕ ಬರ್ತಿದ್ರು. ನಮ್ಮ ಮನ್ಯಾಗ ಉಂಡು ಹೋದವ ಖುಫಿಯಾ ಅಂತ ನಮ್ಮ ಕಾಕಾನ್ನ ಹಿಡಕೊಂಡು ಹೋದ ಮ್ಯಾಲೆ ತಿಳೀತು. ಈಗಿನವ್ರಿಗೆ ಆ ಹುನ್ನರ ಇಲ್ಲ."

ಸಾಹೇಬರು ಒಳಗೆ ಬಂದರೆ ಅದೇ ಮುದುಕರು, "ಏನ್ರೀ ಗೊಬ್ಬರದ ಸಾಹೇಬ್ರ, ಡಿಎಪಿ ಬಂತೇನ್ರೀ?" ಎಂದು ಗಂಭೀರವಾಗಿ ಕೇಳುತ್ತಿದ್ದರು. ಊರಿಗೆ ಅದೊಂದು ಆಟ. ಒಬ್ಬ ಹಜಾಮ ಅವರ ಗಡ್ಡಕ್ಕೆ ಸೋಪು ಹಚ್ಚುತ್ತ, ಕಾಲುವೆಯಲ್ಲಿ ಪಾಕಿಸ್ತಾನದ ಮುಳುಗು ಹಡಗು ಬಂದಿದೆಯಂತೆ ಎಂದನಂತೆ. "ಯಾರು ನೋಡ್ಯಾರ?" ಎಂದು ಇವರು ಕೇಳಿದರಂತೆ. ವಾರಗಟ್ಟಲೆ ನಕ್ಕೆವು. ಎದುರಿಗೆ ಮಾತ್ರ ಯಾರೂ ಬಾಯಿಬಿಡಲಿಲ್ಲ. ಮನೆಗೆ ಬಂದವರ ಧೋತರಕ್ಕೆ ತೇಪೆ ಇದ್ದರೆ ನೋಡದಂತೆ ಇರುವುದು ನಮ್ಮ ಕಡೆಯ ನಡತೆ. ಇದೂ ಹಾಗೆ.

ಇನ್ನು ಆ ಮನುಷ್ಯ. ಖುಲ್ನಾ ಕಡೆಯವನು, ನಲವತ್ತರ ಆಸುಪಾಸು, ನನ್ನ ಶಾಲೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯ ತಂದೆ. ಅವರ ಪಂಚಾಂಗದ ಕಾರ್ತಿಕ ಮಾಸ ಹಿಡಿದ ದಿನ ಗುಡಿಸಿಲ ಮುಂದೆ ಎತ್ತರದ ಬಿದಿರು ನೆಟ್ಟ. ಮುಸ್ಸಂಜೆಯಾದರೆ ಎಣ್ಣೆಯ ದೀಪವನ್ನು ಕಾಗದ ಹಚ್ಚಿದ ಬುಟ್ಟಿಯೊಳಗಿಟ್ಟು ಹಗ್ಗದಿಂದ ಮೇಲೆ ಏರಿಸುತ್ತಿದ್ದ. ನಮ್ಮಲ್ಲೂ ದೀಪಾವಳಿಗೆ ಆಕಾಶಬುಟ್ಟಿ ಕಟ್ಟುತ್ತಾರೆ, ಹಬ್ಬ ಮುಗಿದ ಮೇಲೆ ಇಳಿಸುತ್ತಾರೆ. ಇವನದು ಹಬ್ಬಕ್ಕೆ ಮೊದಲೇ ಏರಿತು, ಹಬ್ಬ ಮುಗಿದರೂ ಇಳಿಯಲಿಲ್ಲ. ಮರವಿಲ್ಲದ ಬಯಲು. ಆ ಕೆಂಪು ಚುಕ್ಕೆ ಗೊರೇಬಾಳದ ದಾರಿಯಿಂದಲೂ ಕಾಣುತ್ತಿತ್ತು.

ನಾನು ಕೇಳಿದಾಗ ಹರುಕುಮುರುಕು ಹಿಂದಿಯಲ್ಲಿ ವಿವರಿಸಿದ. ಸತ್ತ ಹಿರಿಯರಿಗೆ ದಾರಿ ಕಾಣಲೆಂದು ತಿಂಗಳಿಡೀ ಹಚ್ಚುವ ದೀಪ ಅದು. ಅವನ ತಂದೆ ಓಡಿ ಬರುವಾಗ ದಾರಿಯಲ್ಲಿ ಸತ್ತಿದ್ದ. ಈ ಸೀಮೆಯನ್ನು ಆತ ಕಂಡೇ ಇಲ್ಲ, ದೀಪವಿಲ್ಲದೆ ಹೇಗೆ ಗುರುತು ಹಿಡಿದಾನು ಎಂದು ನನ್ನನ್ನೇ ಕೇಳಿದ. ಕ್ಯಾಂಪಿನ ಉಳಿದವರು ಆ ರೂಢಿಯನ್ನು ಡೇರೆಗಳಲ್ಲಿದ್ದಾಗಲೇ ಬಿಟ್ಟಿದ್ದರು.

ಕೆಲವೇ ದಿನಗಳಲ್ಲಿ ಗೊಬ್ಬರದ ಸಾಹೇಬರು ಶಾಲೆಯ ಜಗಲಿಗೆ ಬಂದು ಕೂತರು. ಎಕರೆಗೆ ಎಷ್ಟು ಚೀಲ ಹಾಕುತ್ತಾರೆ ಎಂದು ಶುರುಮಾಡಿ, "ಅಲ್ರೀ ಮಾಸ್ತರ, ಆ ದೀಪದ್ದೇನು ಕತಿ?" ಎಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡರು. ಕೊನೆಗೆ, "ಪಾಪ, ಹಿರಿಯರ ಕೆಲಸ" ಎಂದು ಎದ್ದರು. ಆ ಮಾತು ಕೇಳಿ ನನಗೆ ನಿಜಕ್ಕೂ ಹಗುರವಾಯಿತು. ಸರ್ಕಾರಕ್ಕೆ ಗೊತ್ತಾಯಿತು, ಇನ್ನು ಭಯವಿಲ್ಲ ಎಂದುಕೊಂಡೆ.

ಆದರೆ ಸಾಹೇಬರು ದೀಪದ ಬಗ್ಗೆ ಕೇಳಿ ಹೋದರೆಂಬ ಸುದ್ದಿ ಹಳ್ಳಿಗಳಿಗೆ ಮುಟ್ಟಿತು. ಅವರು ಏನು ಕೇಳಿದರು, ನಾನು ಏನು ಹೇಳಿದೆ ಎಂಬುದು ಮುಟ್ಟಲಿಲ್ಲ. ಅದಾದ ಮೇಲೆ ಒಂದು ಮುಸ್ಸಂಜೆ ವಿಮಾನವೊಂದು ಬಹಳ ಕೆಳಗೆ ಹಾರಿಹೋಯಿತು. ಅದು ಯಾರದೆಂದು ನನಗೆ ಈಗಲೂ ಗೊತ್ತಿಲ್ಲ, ನಮ್ಮದೇ ಇರಬೇಕು. ಪಾಕಿಸ್ತಾನದವರು ನಮ್ಮ ಕಾಲುವೆಗೆ ನೀರು ಬಿಡುವ ಡ್ಯಾಮಿನ ಮೇಲೆ ಬಾಂಬು ಹಾಕುತ್ತಾರೆ, ಅದಕ್ಕೆ ಗುರುತಿನ ದೀಪ ಇದು ಎಂದು ಮರುದಿನ ಬೆಳಗಿನೊಳಗೆ ಎಲ್ಲರೂ ಆಡಿಕೊಳ್ಳುತ್ತಿದ್ದರು.

ಮಧ್ಯಾಹ್ನ ಶಾಲೆ ಬಿಟ್ಟು ಹೊರಗೆ ಬಂದಾಗ ಸೇತುವೆಯ ಮೇಲೆ ಗುಂಪು ಸೇರಿತ್ತು. ಹೊಲದಿಂದ ಬರುತ್ತಿದ್ದ ಆ ದೀಪದವನನ್ನು ಅಲ್ಲೇ ತಡೆದಿದ್ದರು. ಭತ್ತ ಕೊಯ್ಯಲು ಹೊರಟ ಜನ, ಕೈಯಲ್ಲಿ ಕುಡುಗೋಲು. ಅವನು ಬಂಗಾಳಿಯಲ್ಲಿ ಗಟ್ಟಿಯಾಗಿ ಏನೋ ಹೇಳುತ್ತಿದ್ದ. ಗಾಬರಿಯಲ್ಲಿ ಇದ್ದಷ್ಟು ಹಿಂದಿಯೂ ಅವನ ಬಾಯಿಂದ ಹೋಗಿತ್ತು. ತಿಳಿಯದ ಮಾತು ಗಟ್ಟಿಯಾದಷ್ಟೂ ಜನಕ್ಕೆ ಸಿಟ್ಟು ಏರುತ್ತಿತ್ತು.

"ಯಾರಿಗೆ ತೋರ್ಸಾಕ ಹಚ್ಚಿದ್ದಿಲೇ ದೀಪ?"

"ಬಾಯಿ ಬಿಡ್ತಾನಿಲ್ಲ ನೋಡು."

ನಾನು ನಡುವೆ ನುಗ್ಗಿ, ಅದು ಹಿರಿಯರ ದೀಪ, ಮಾಸ ಮುಗಿದರೆ ಇಳಿಸುತ್ತಾನೆ ಎಂದೆ. ಆಗಲೇ ಕುಡುಗೋಲು ಕಾಲರಿಗೆ ಬಂದದ್ದು. ಹಿಂದಿನಿಂದ ಒಬ್ಬ, "ಮಾಸ್ತರ ಅವರ ಅನ್ನ ಉಂಡಾನ, ಅವರ ಕಡಿ ಮಾತಾಡ್ತಾನ" ಎಂದ. ಕೆಲವರು ನಕ್ಕರು. ಆ ನಗೆಯಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಆಗ ಸೇತುವೆಯ ಆ ತುದಿಯಲ್ಲಿ, ಸೈಕಲ್ಲಿಗೆ ಗೊಬ್ಬರದ ಚೀಲ ನೇತುಹಾಕಿಕೊಂಡು ನಿಂತಿದ್ದ ಸಾಹೇಬರು ಕಂಡರು. ನನಗೆ ದೇವರು ಕಂಡಂತಾಯಿತು. "ಸಾಹೇಬ್ರ, ನೀವಾರ ಹೇಳ್ರಿ. ನಿಮಗ ಎಲ್ಲಾ ಗೊತ್ತೈತಿ" ಎಂದು ಕೂಗಿದೆ.

ಗುಂಪೆಲ್ಲ ಅವರ ಕಡೆ ತಿರುಗಿತು. ಅವರು ಹೇಳಿದರೆ ಕೇಳುವವರೇ ಅಲ್ಲಿದ್ದವರು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. "ಬಿಡ್ರಿ ಅವನ್ನ" ಎಂದಿದ್ದರೆ ಬಿಡುತ್ತಿದ್ದರು. ಸಾಹೇಬರು ಗೊಬ್ಬರದ ಚೀಲದ ಮೇಲೆ ಕೈಯಿಟ್ಟರು.

"ನಾ ಗೊಬ್ಬರದಾವ್ರಿ" ಎಂದರು. "ನನಗೇನು ಗೊತ್ತಾಗತೈತ್ರಿ ಇದೆಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಅದು ಬೇರೆಯೇ ರೀತಿ ಅರ್ಥವಾಯಿತು. "ಅವರು ಹೇಳಂಗಿಲ್ಲಪಾ, ಅವರ ನೌಕರಿ ಹಂಗೈತಿ" ಎಂದು ಒಬ್ಬ ಪಿಸುಗುಟ್ಟಿದ. "ತಪ್ಪಿಲ್ಲಂದ್ರ ಇಲ್ಲ ಅಂತಿದ್ರು. ಸುಮ್ನದಾರ ಅಂದ್ರ ಖರೇನ ಐತಿ."

ಯಾರೋ ಆ ಬಂಗಾಳಿಯ ರಟ್ಟೆಗೆ ಕೈ ಹಾಕಿದರು. ಅವನು ಕೊಸರಿಕೊಂಡು ಸೇತುವೆಯ ಗೋಡೆ ಹತ್ತಿ ಹಾರಿಬಿಟ್ಟ.

ಆ ಕ್ಷಣ ನನಗೆ ಸಮಾಧಾನವೇ ಆಯಿತು. ನದಿಗಳ ಸೀಮೆಯವನು, ಮೀನಿನಂತೆ ಈಜುತ್ತಾನೆ, ಆಚೆ ದಂಡೆಗೆ ಹೋಗಿ ಉಳಿದುಕೊಳ್ಳುತ್ತಾನೆ ಎನಿಸಿತು. ಅವನು ಈಜಿದ್ದೂ ನದಿಯವನ ಹಾಗೆಯೇ. ನೀರಿಗೆ ಎದುರಾಗದೆ, ಸೆಳವಿನ ಜೊತೆ ಸಾಗುತ್ತ ದಂಡೆಯ ಕಡೆ ಓರೆಯಾಗಿ ಸರಿಯುತ್ತಿದ್ದ. ನದಿಗೆ ಮರಳಿನ ದಂಡೆ ಇರುತ್ತದೆ. ಕಾಲುವೆಗೆ ಇರುವುದು ಪಾಚಿ ಹಿಡಿದ ಕಲ್ಲಿನ ಇಳಿಜಾರು. ಅಲ್ಲಿಂದ ಹಗ್ಗವಿಲ್ಲದೆ ಮೇಲೆ ಬರಲಾಗದು, ಕೆಳಗೆ ಹೋದಂತೆ ಗೇಟಿನ ಸೆಳೆತ ಹೆಚ್ಚುತ್ತದೆ ಎಂಬುದು ನಮ್ಮ ಎಮ್ಮೆ ಕಾಯುವ ಮಕ್ಕಳಿಗೂ ಗೊತ್ತು. ಅವನಿಗೆ ಗೊತ್ತಿರಲಿಲ್ಲ.

ಅವನ ಕೈ ಕಲ್ಲಿಗೆ ತಾಗಿ ಜಾರಿತು. ಮತ್ತೆ ತಾಗಿ ಮತ್ತೆ ಜಾರಿತು. ಅದನ್ನು ನೋಡಿ ಗುಂಪಿನ ಮನಸ್ಸೇ ತಿರುಗಿಹೋಯಿತು. "ರುಮಾಲು ಒಗೀರಿ, ರುಮಾಲು" ಎಂದು ಕೂಗುತ್ತ ದಂಡೆಯ ಮೇಲೆ ಓಡಿದರು. ನನ್ನ ಕಾಲರಿಗೆ ಕುಡುಗೋಲು ಹಾಕಿದವನೇ ಎಲ್ಲರಿಗಿಂತ ಮುಂದೆ ಓಡಿ, ತಲೆಯ ರುಮಾಲು ಬಿಚ್ಚಿ ನೀರಿಗೆ ಎಸೆದ. ಅದರ ತುದಿ ನೀರಿನಲ್ಲಿದ್ದವನ ಕೈಗೆ ಎಟುಕುವಷ್ಟು ಹತ್ತಿರ ಬಿತ್ತು. ಅವನು ತಲೆ ಎತ್ತಿ ಓಡಿ ಬರುತ್ತಿದ್ದವರನ್ನು ನೋಡಿದ. ಹಿಡಿಯಲು ಬರುತ್ತಿದ್ದಾರೆ ಎಂದೇ ತಿಳಿದಿರಬೇಕು. ದಂಡೆಗೆ ಬೆನ್ನು ಮಾಡಿ ನಡುನೀರಿಗೆ ಈಜಿದ. ನಾನು ಬಂಗಾಳಿಯಲ್ಲಿ ಹಿಡಿದುಕೋ ಎಂದು ಕೂಗಬೇಕೆಂದುಕೊಂಡೆ. ಆ ಶಬ್ದ ನನಗೆ ಬರುತ್ತಿರಲಿಲ್ಲ. ಕನ್ನಡದಲ್ಲಿ ಕೂಗಿದೆ, ಹಿಂದಿಯಲ್ಲಿ ಕೂಗಿದೆ. ಎಲ್ಲರೂ ಕೂಗುತ್ತಿದ್ದರು.

ಹೆಣ ಕೆಳಗಿನ ಗೇಟಿನ ಹತ್ತಿರ ಸಿಕ್ಕಿತು.

ಲಿಂಗಸುಗೂರಿನಲ್ಲಿ ವಿಚಾರಣೆಯಾಯಿತು. ಗುಂಪಿನಲ್ಲಿದ್ದವರೆಲ್ಲ ತಾವು ಉಳಿಸಲು ಓಡಿದೆವು ಎಂದರು. ಅದು ಸುಳ್ಳಲ್ಲ. ಖುಫಿಯಾ ಸಾಹೇಬರು ಅಲ್ಲೇ ಇದ್ದರು, ಅವರನ್ನು ಕರೆಸಿ ಕೇಳಿ ಎಂದು ನಾನು ಹೇಳಿದೆ. ವಿಚಾರಣೆಯ ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿ, "ಹಂಗಂತ ಯಾರೂ ಆ ಊರಾಗ ಇಲ್ರಿ ಮಾಸ್ತರ. ಇಲ್ಲದವರ ಮಾತು ಬರಸಬ್ಯಾಡ್ರಿ, ನಿಮಗ ಛಲೋ ಅಲ್ಲ" ಎಂದರು. ಸಾಹೇಬರು ಅಷ್ಟರೊಳಗೆ ಸಿಂಧನೂರು ಬಿಟ್ಟಿದ್ದರು.

ಸತ್ತವನ ಹೆಂಡತಿ ನನ್ನಲ್ಲಿ ಒಂದೇ ಕೇಳಿದಳು. ಪರಿಹಾರ ಕೇಳಲಿಲ್ಲ, ಶಿಕ್ಷೆ ಕೇಳಲಿಲ್ಲ. ತನ್ನ ಗಂಡ ಗೂಢಚಾರನಲ್ಲ ಎಂದು ಯಾರಾದರೂ ಸರ್ಕಾರದವರು ಬಂದು ಹಳ್ಳಿಗಳಲ್ಲಿ ಹೇಳಬೇಕು, ಮಗಳು ದೊಡ್ಡವಳಾಗುತ್ತಿದ್ದಾಳೆ ಎಂದಳು. ನಾನು ಕಚೇರಿಗಳಿಗೆ ಅಲೆದೆ. ಹಳ್ಳಿಗಳಲ್ಲಿ ನಾನೇ ಹೇಳಿದೆ. "ನೀವು ಅಂತೀರಿ ಖರೆ ಮಾಸ್ತರ, ಆದ್ರ ಅವ ಹೋದ ಮ್ಯಾಲೆ ವಿಮಾನ ಬರಲಿಲ್ಲ ನೋಡ್ರಿ" ಎನ್ನುತ್ತಿದ್ದರು. ಬೇಸಿಗೆಯಲ್ಲಿ ನನ್ನ ಹಂಗಾಮಿ ಕೆಲಸ ಮುಗಿಯಿತು. ಲಿಂಗಸುಗೂರಿನ ಶಾಲೆಯೊಂದರಲ್ಲಿ ಖಾಯಂ ಆಯಿತು.

ವರ್ಷಗಳ ಮೇಲೆ ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ನೋಡಿದರೆ ಗೊಬ್ಬರದ ಸಾಹೇಬರು. ಅವರೂ ಗುರುತು ಹಿಡಿದರು.

"ನಾ ಯಾರು ಅಂತ ಎಲ್ಲರಿಗೂ ಗೊತ್ತೈತಿ ಅಂತ ನನಗ ಗೊತ್ತಿರಲಿಲ್ರಿ" ಎಂದರು ತಾವಾಗಿ. "ನೀವು ಕರದ್ರಲ್ಲ, ಮಂದಿ ಎಲ್ಲ ನನ್ನ ಕಡಿ ತಿರುಗಿತಲ್ಲ, ಆವಾಗ ತಿಳೀತು. ನೌಕರಿ ಹೋತು ಅಂತ ಅಷ್ಟ ತೆಲಿಗೆ ಹೊಳೀತು. ಒಂದು ಉಸಿರು ಹೆಚ್ಚಿಗಿ ಸಿಕ್ಕಿದ್ರ ಹೇಳ್ತಿದ್ದೆ. ಅಷ್ಟ್ರಾಗ ಅವ ಹಾರಿದ."

"ಅವ ತಪ್ಪಿಲ್ಲದವ ಅಂತ ನಿಮಗ ಗೊತ್ತಿತ್ತು."

"ಮೇಲಿನವ್ರಿಗೆ ಮೊದಲ ತಿಳಿಸಿದ್ದೆ."

"ಊರಿಗೆ?"

"ಊರಿಗೆ ಹೇಳೂದು ನಮ್ಮ ಕೆಲಸ ಅಲ್ರಿ" ಎಂದರು. ಅದರಲ್ಲಿ ಸೊಕ್ಕು ಇರಲಿಲ್ಲ. ಇದ್ದ ನಿಯಮವನ್ನು ಹೇಳಿದರು, ಅಷ್ಟೆ.

ಅವನು ತಪ್ಪಿಲ್ಲದವನೆಂದು ಸರ್ಕಾರಕ್ಕೆ ಮೊದಲೇ ಗೊತ್ತಿತ್ತೆಂಬ ಮಾತನ್ನಾದರೂ ಅವನ ಹೆಂಡತಿಗೆ ಮುಟ್ಟಿಸೋಣವೆಂದು ಮುಂದಿನ ಭಾನುವಾರ ಕ್ಯಾಂಪಿಗೆ ಹೋದೆ. ಗುಡಿಸಿಲಿದ್ದಲ್ಲಿ ಹೆಂಚಿನ ಮನೆ ಎದ್ದಿತ್ತು, ಬೇರೆಯವರಿದ್ದರು. ಮಗಳಿಗೆ ಕ್ಯಾಂಪಿನೊಳಗೂ ಸಂಬಂಧ ಕೂಡಿಬರಲಿಲ್ಲವಂತೆ, ತಾಯಿ ಮಗಳು ಎಲ್ಲಿಗೋ ಹೋದರಂತೆ. ಎಲ್ಲಿಗೆ, ಯಾವಾಗ, ಯಾರ ಜೊತೆ ಎಂದು ನಾನು ಒಂದರ ಮೇಲೊಂದು ಕೇಳಿದೆ. ಕೇಳಿದಂತೆಲ್ಲ ಸುತ್ತ ನಿಂತವರ ಉತ್ತರ ಚಿಕ್ಕದಾಯಿತು. ಇಲ್ಲಿ ಮಾಸ್ತರನಾಗಿದ್ದವನು ನಾನು ಎಂದೆ. "ಹೌದ್ರಿ, ಹೌದ್ರಿ" ಎಂದು ಒಬ್ಬ ಹೊಸ ಹುಡುಗ ಒಳ್ಳೆಯ ಕನ್ನಡದಲ್ಲೇ ಹೇಳಿ, ನನ್ನ ಕಾಲಿನ ಬೂಟುಗಳನ್ನು ನೋಡಿದ. ಕುರ್ಚಿ ತಂದರು, ಚಹಾ ಕೊಟ್ಟರು. ಆ ಸಲದ ಭತ್ತ, ನೀರು ಬಿಡುವ ಸರದಿ, ದನಗಳ ಬೇನೆ, ಎಲ್ಲವನ್ನೂ, ನಾವು ಗೊಬ್ಬರದ ಸಾಹೇಬರ ಎದುರು ಆಡುತ್ತಿದ್ದ ಹಾಗೆ, ಬಹಳ ಮರ್ಯಾದೆಯಿಂದ ಮಾತಾಡಿದರು. ಆ ಮನೆಯ ಮಾತು ಯಾರೂ ಎತ್ತಲಿಲ್ಲ. ಚಹಾ ಮುಗಿಸಿ ನಾನು ಎದ್ದಾಗ ಬಸ್ಸಿನ ತನಕ ಇಬ್ಬರು ಬಂದರು, ನಾನು ಹತ್ತುವವರೆಗೂ ನಿಂತಿದ್ದರು.