ಹಾಲಿಲ್ಲದ ಅಣಬೆಯ ಬಳಗ

ನಮ್ಮ ಅಡುಗೆಮನೆಯೊಳಗೆ ಅಣಬೆ ಎಂದೂ ಬರಲಿಲ್ಲ. ಮನೆ ನಡೆಸುತ್ತಿದ್ದವಳು ಅಪ್ಪನ ಅಕ್ಕ. ಅವಳನ್ನು ಹಿರೇಕೆರೂರಿನ ಕಡೆಯ ಬೆದ್ದಲು ಸೀಮೆಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಿಂತಿದ್ದಳು. ಬಿತ್ತಿದ್ದು, ಕಳೆ ತೆಗೆದದ್ದು, ರಾಶಿ ಮಾಡಿದ್ದು ಇಷ್ಟರ ಮೇಲೇ ಅವಳ ನಂಬಿಕೆ. ಯಾರೂ ಬಿತ್ತದೆ ನೆಲದಿಂದ ಎದ್ದು ಬರುವುದೆಲ್ಲ ಅವಳಿಗೆ ನಾಯಿಕೊಡೆ. ಹಾಗಾಗಿ ನಾನು ಅಣಬೆ ತಿಂದದ್ದು, ಅಣಬೆಯನ್ನು ಗುರುತು ಹಿಡಿಯಲು ಕಲಿತದ್ದು ಎಲ್ಲ ಹಿತ್ತಲಮನೆಯಲ್ಲಿ.

ಹಿತ್ತಲಮನೆ ಎಂದರೆ ನಮ್ಮ ಹಿತ್ತಲ ಬೇಲಿಯ ಆಚೆಗಿದ್ದ ಮನೆ. ನಮ್ಮ ಗದ್ದೆಯನ್ನು ಪಾಲಿಗೆ ಮಾಡುತ್ತಿದ್ದವರದು. ನಮ್ಮೂರು ಹಾನಗಲ್ಲ ಸೀಮೆಯ ಪಡುವಣ ಅಂಚಿನಲ್ಲಿತ್ತು. ಭತ್ತದ ಗದ್ದೆ ಮುಗಿದಲ್ಲಿ ಮತ್ತಿ, ಕಿಂದಳದ ಕಾಡು ಶುರುವಾಗುತ್ತಿತ್ತು. ನನ್ನನ್ನು ಹಡೆದವಳು ಬಾಣಂತಿ ಕೋಣೆಯಿಂದ ಹೊರಗೆ ಬರಲಿಲ್ಲ. ಆಗ ಹಿತ್ತಲಮನೆಯ ಹೆಂಗಸಿನ ಮಡಿಲಲ್ಲಿ ಎಳೆಯ ಹೆಣ್ಣುಕೂಸಿತ್ತು. ಊರ ಗೌಡನಾದ ಅಪ್ಪ ತಾನೇ ಬೇಲಿ ದಾಟಿ ಹೋಗಿ ಅವಳ ಹೊಸ್ತಿಲಲ್ಲಿ ನಿಂತು ಕೇಳಿಕೊಂಡನಂತೆ. ಅವಳು ಒಲ್ಲೆ ಎನ್ನಲಿಲ್ಲ.

ನಾನು ಉಳಿದೆ. ಅವಳ ಕೂಸು ಹಲ್ಲು ಮೂಡುವ ಮೊದಲೇ ಹೋಯಿತು. ಎರಡಕ್ಕೂ ಸಂಬಂಧವಿತ್ತೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಆ ಕಾಲದಲ್ಲಿ ಕೂಸುಗಳು ಜ್ವರಕ್ಕೂ ಹೋಗುತ್ತಿದ್ದವು, ಕೆಮ್ಮಿಗೂ ಹೋಗುತ್ತಿದ್ದವು. ಆದರೆ ಓಣಿಗೆ ಒಂದು ಕಾರಣ ಬೇಕಿತ್ತು, ನಾನು ಕಣ್ಣೆದುರಿಗೇ ಗುಂಡಗುಂಡಗೆ ಬೆಳೆಯುತ್ತಿದ್ದೆ.

ನಾನು ಅವಳನ್ನು ಅವ್ವ ಎನ್ನುತ್ತಿದ್ದೆ. ಅತ್ತೆಗೆ ಅದು ಸೇರುತ್ತಿರಲಿಲ್ಲ. ಹಿತ್ತಲಮನಿ ಅವ್ವ ಅನ್ನು ಎಂದು ತಿದ್ದುತ್ತಿದ್ದಳು. ಪ್ರತಿ ದೀಪಾವಳಿಗೆ ಅವಳಿಗೊಂದು ಸೀರೆ, ಒಂದು ಕುಪ್ಪಸದ ಖಣ ಕಳಿಸಿ, ಕೊಟ್ಟದ್ದಕ್ಕೆ ಕೊಟ್ಟಾಯಿತು, ಅಲ್ಲಿಗೆ ಮುಗಿಯಿತು ಎನ್ನುವಳು. ಅತ್ತೆ ಕೆಟ್ಟವಳಲ್ಲ. ಆದರೆ ಯಾರು ನಮ್ಮವರು, ಯಾರು ಅಲ್ಲ ಎನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಅನುಮಾನವೇ ಇಲ್ಲದವರ ಎದುರು ನನಗೆ ಈಗಲೂ ಸಿಟ್ಟು ಬರುತ್ತದೆ.

ಅವ್ವನಿಗೆ ಇಬ್ಬರು ಗಂಡುಮಕ್ಕಳು. ಕಿರಿಯವನು ಎಲ್ಲದಕ್ಕೂ ನಗುವ ಜಾತಿ, ಅವನದೇನೂ ತಕರಾರಿರಲಿಲ್ಲ. ಹಿರಿಯವನು ಹಾಗಲ್ಲ. ತಂಗಿಯನ್ನು ಮಣ್ಣಿಗಿಡಲು ಒಯ್ದಾಗ ತಂದೆಯ ಜೊತೆ ಹೋದವನು ಅವನೇ. ನಾನಿನ್ನೂ ಲಂಗೋಟಿಯಲ್ಲಿ ಓಡಾಡುವಾಗಲೂ ನನ್ನನ್ನು ಸಣ್ಣ ಗೌಡ್ರ ಎಂದೇ ಕರೆಯುತ್ತಿದ್ದ, ಮಾತಿಗೊಂದು ‘ರಿ’ ಸೇರಿಸುತ್ತಿದ್ದ. ನೋಡಿದವರು ಹುಡುಗನಿಗೆ ಎಷ್ಟು ಮರ್ಯಾದೆ ತಿಳಿದಿದೆ ಎಂದು ಹೊಗಳುತ್ತಿದ್ದರು. ನನಗೆ ಮರ್ಯಾದೆ ಬೇಕಿರಲಿಲ್ಲ. ಕಿರಿಯವನನ್ನು ಬೈದ ಹಾಗೆ ಅವನು ನನ್ನನ್ನೂ ಒಮ್ಮೆ ಬೈಯಬೇಕು, ತಮ್ಮ ಎನ್ನಬೇಕು, ಇದೊಂದೇ ನನ್ನ ಬಾಲ್ಯದ ಆಸೆ. ದೊಡ್ಡವನಾದ ಮೇಲೂ ಅದು ಹೋಗಲಿಲ್ಲ.

ಆರಿದ್ರಾ ಮಳೆ ಹಿಡಿದು ನೆಲ ನೆನೆದಾಗ ಅವ್ವ ನಮ್ಮನ್ನು ಕಟ್ಟಿಕೊಂಡು ಕಾಡಿನ ಅಂಚಿಗೆ ಹೋಗುವಳು. ತಂದದ್ದನ್ನೆಲ್ಲ ಪಡಸಾಲೆಯಲ್ಲಿ ಸುರಿದುಕೊಂಡು, ಮೊರ ಮುಂದಿಟ್ಟುಕೊಂಡು ಕೂರುವಳು. ಅವಳ ಪದ್ಧತಿ ಸರಳ. ಕೊಡೆಯ ಕೆಳಗಿನ ಗರಿಗಳನ್ನು ಉಗುರಿನಿಂದ ಗೀರುವಳು. ಬೆಳ್ಳಗೆ ಹಾಲು ಒಸರಿದರೆ ನಾಲಿಗೆಯ ತುದಿಗೆ ತಾಗಿಸಿ ಉಗುಳುವಳು. ಸಪ್ಪಗಿದ್ದರೆ ಮೊರಕ್ಕೆ, ಖಾರವಿದ್ದರೆ ಆಚೆಗೆ. ಮೊರ ಸೇರಿದ್ದು ಹಾಲಣಬೆ; ಸಾರಿಗೆ ಬೀಳುವ, ನಮ್ಮ ಅಣಬೆ. ಆಕಾರದಲ್ಲಿ ಅದರ ಹಾಗೇ ಇದ್ದು ಗೀರಿದರೂ ಹಾಲು ಬಾರದ, ಕೆಂಪು, ಹಸಿರು, ಬೂದು ಕೊಡೆಗಳು ಎಷ್ಟೋ ಇರುತ್ತಿದ್ದವು. ಅವೆಲ್ಲ ತಿಪ್ಪೆಗೆ. ನಮ್ಮ ಕಡೆ ಹೆಣ್ಣು ಕೇಳಲು ಹೋದವರು ಮೊದಲು ಮನೆತನದ ಬೆಡಗು, ಅಂದರೆ ಕುಲದ ಕವಲು, ಯಾವುದೆಂದು ವಿಚಾರಿಸುತ್ತಾರೆ. ಅಣಬೆಗೆ ಅವ್ವ ಕೇಳುತ್ತಿದ್ದ ಬೆಡಗು ಹಾಲು.

ಅವಳ ಲೆಕ್ಕದಲ್ಲಿ ಒಂದು ತಪ್ಪಿತ್ತು, ಆಗ ನಮಗ್ಯಾರಿಗೂ ತಿಳಿಯಲಿಲ್ಲ. ಮಳೆ ನಡುವೆ ಬಿಡುವು ಕೊಟ್ಟು ಬಿಸಿಲು ಬಿದ್ದರೆ ಹಾಲಣಬೆಯ ಹಾಲೂ ಇಂಗಿಹೋಗುತ್ತದೆ. ಎಷ್ಟು ಗೀರಿದರೂ ಹನಿ ಬರುವುದಿಲ್ಲ. ಅಂಥ ದಿನ ಬುಟ್ಟಿ ತುಂಬ ತಂದದ್ದನ್ನು ಅವ್ವ ಗೀರಿ ಗೀರಿ ನೋಡಿ, ಇದು ಬೇರೆ ಜಾತಿ ಬಿಡು ಎಂದು ಪೂರ್ತಿ ತಿಪ್ಪೆಗೆ ಚೆಲ್ಲುವಳು. ಊರಿನ ಎಲ್ಲ ಹೆಂಗಸರೂ ಹಾಗೇ ಮಾಡುತ್ತಿದ್ದರು.

ಒಂದು ಮಳೆಗಾಲ, ಹಾಗೆ ವಿಂಗಡಿಸುವಾಗ, ಒಂದು ಚೆಂದದ ಕೆಂಪು ಕೊಡೆಯನ್ನು ನಾನು ಬಿಡಲೊಲ್ಲದೆ ಗೀರುತ್ತಲೇ ಕುಳಿತಿದ್ದೆ. ಹಿರಿಯವನು ನನ್ನ ಕೈಯನ್ನೇ ನೋಡುತ್ತಿದ್ದವನು ಮೆಲ್ಲಗೆ ಹೇಳಿದ:

“ಅದರಾಗ ಹಾಲಿಲ್ಲರಿ, ಸಣ್ಣ ಗೌಡ್ರ. ಇದ್ದದ್ದನ್ನೆಲ್ಲಾ ನೀವ ಕುಡದ್ರಿ.”

ಅವ್ವ ಅವನನ್ನು ಹೊಡೆಯಲಿಲ್ಲ, ಗದರಲಿಲ್ಲ. ಮೊರ ಕೆಳಗಿಟ್ಟು ಒಳಗೆ ಹೋದಳು. ಓಣಿಯವರು ಅರ್ಧಂಬರ್ಧ ಆಡುತ್ತಿದ್ದ ಮಾತುಗಳ ಅರ್ಥ ನನಗೆ ಆ ಮಧ್ಯಾಹ್ನ ಪೂರ್ತಿಯಾಗಿ ಆಯಿತು. ಅವತ್ತು ಸಾರು ಉಣ್ಣದೆ ಬೇಲಿ ದಾಟಿ ಮನೆಗೆ ಬಂದೆ.

ಮುಂದೆ ಅಪ್ಪ ನನ್ನನ್ನು ಧಾರವಾಡದ ಕಾಲೇಜಿಗೆ ಹಾಕಿದ. ವಕೀಲನಾಗಲಿ ಎಂಬುದು ಅವನ ಮನಸ್ಸು; ನಾನು ಸಸ್ಯಶಾಸ್ತ್ರ ಹಿಡಿದೆ. ಅಲ್ಲಿ ನಮಗೆ ಪಾಠ ಹೇಳಿದ ಮೇಷ್ಟರಿಗೆ ಅಣಬೆಯ ಹುಚ್ಚು. ಮಳೆಗಾಲದಲ್ಲಿ ಕೊಡೆ ಹಿಡಿದು ಕೊಡೆಗಳನ್ನೇ ಹುಡುಕಿಕೊಂಡು ತಿರುಗುವರು ಎಂದು ಹುಡುಗರು ಅವರನ್ನು ಆಡಿಕೊಳ್ಳುತ್ತಿದ್ದರು. ಊರಿನಿಂದ ಬರುವಾಗ ಎರಡೂ ಬಗೆಯ ಅಣಬೆಗಳನ್ನು ಒದ್ದೆ ಹುಲ್ಲಿನಲ್ಲಿ ಸುತ್ತಿ ತಂದು ಅವರ ಮೇಜಿನ ಮೇಲಿಟ್ಟೆ. ಇದು ಹಾಲಿನದು, ಇವು ಹಾಲಿಲ್ಲದವು, ಬೇರೆ ಎಂದೆ.

ಮೇಷ್ಟರು ಮೊದಲು ಬೇಲಿಬದಿಯ ಒಂದು ಸಾಮಾನ್ಯ ಅಣಬೆಯ ಕಾಲನ್ನು ಸೀಳಿ ತೋರಿಸಿದರು. ಅದು ನಾರುನಾರಾಗಿ ಸೀಳಿತು. ಆಮೇಲೆ ನನ್ನ ಹಾಲಣಬೆಯ ಕಾಲನ್ನು ಮುರಿದರು. ಪಾಟಿಗೆ ಬರೆಯುವ ಬಳಪದ ಹಾಗೆ ಲಟಕ್ಕನೆ ಮುರಿಯಿತು, ನಾರೇ ಇಲ್ಲ. ಹಾಲಿಲ್ಲದ ಕೆಂಪನೆಯದನ್ನು ನನ್ನ ಕೈಗೇ ಕೊಟ್ಟರು. ಅದೂ ಹಾಗೇ ಮುರಿಯಿತು.

ಸೂಕ್ಷ್ಮದರ್ಶಕದಲ್ಲಿ ಕಾರಣ ಕಂಡೆ. ಬೇರೆ ಅಣಬೆಗಳ ಮೈಯೆಲ್ಲ ಉದ್ದುದ್ದ ಎಳೆಗಳಿಂದಾದದ್ದು. ಈ ಎರಡರ ಮೈಯಲ್ಲಿ ಮಾತ್ರ ಎಳೆಗಳ ನಡುವೆ ದುಂಡನೆಯ ಕೋಶಗಳು, ನವಣೆ ಸುರಿದ ಹಾಗೆ, ಗೊಂಚಲು ಗೊಂಚಲಾಗಿ ತುಂಬಿದ್ದವು. ಮೇಷ್ಟರು ಎರಡರ ಬೀಜದ ಪುಡಿಗೂ ಅಯೋಡಿನ್ ಸೇರಿಸಿ ತಯಾರಿಸಿದ್ದ ಔಷಧಿಯ ಹನಿ ಬಿಟ್ಟರು. ಬೀಜಗಳ ಮೈಮೇಲಿನ ಮುಳ್ಳು, ಗಂಟುಗಳು ಎರಡರಲ್ಲೂ ಒಂದೇ ಕಡುನೀಲಿಗೆ ತಿರುಗಿದವು. ಕೊಡೆಯ ಆಕಾರ ಮೋಸ ಮಾಡುತ್ತದೆ, ಬಣ್ಣ ಅದಕ್ಕಿಂತ ಹೆಚ್ಚು, ಹಾಲು ಕೂಡ ಒಂದು ಗುರುತು ಮಾತ್ರ ಎಂದರು ಅವರು. ಇದ್ದರೆ ಒಳ್ಳೆಯದು, ಇಲ್ಲವೆಂದ ಮಾತ್ರಕ್ಕೆ ಹೊರಗೆ ಹಾಕಲು ಬರುವುದಿಲ್ಲ. ಕೊಡೆಯನ್ನೇ ಬಿಚ್ಚದೆ ಮಣ್ಣೊಳಗೆ ಬಟಾಟೆಯಂತೆ ದುಂಡಗೆ ಉಳಿದುಬಿಟ್ಟ ಬಂಧುಗಳೂ ಇವಕ್ಕೆ ದೂರದೇಶಗಳಲ್ಲಿ ಇವೆಯಂತೆ. ಕೊಯ್ದರೆ ಅವುಗಳಲ್ಲಿ ಕೆಲವು ಹಾಲು ಸುರಿಸುತ್ತವಂತೆ. ನಾವು ಇಂದು ಎರಡು ಮನೆ ಎಂದು ಬರೆದಿದ್ದೇವೆ, ನಾಳೆಯವರು ಗೋಡೆಯನ್ನು ಬೇರೆ ಕಡೆ ಕಟ್ಟಿಯಾರು ಎಂದೂ ಹೇಳಿದರು. ಅವರ ಮಾತು ನಿಜವಾಯಿತು. ಈಚೆಗೆ ಮೊಮ್ಮಗಳು ಓದಿ ಹೇಳಿದಳು: ಹಾಲಿರುವ ಕೆಲವು, ಹಾಲಿಲ್ಲದ ಕೆಲವು ಒಂದೇ ಸಣ್ಣ ಮನೆಯ ಮಕ್ಕಳೆಂದು ಈಗ ತಿಳಿದಿದೆಯಂತೆ.

ಆ ದಿನ ಮಾತ್ರ ನನಗೆ ಶಾಸ್ತ್ರದ ಸಂತೋಷಕ್ಕಿಂತ ಬೇರೇನೋ ಆಯಿತು. ಕೋಣೆಗೆ ಹೋಗಿ ಕದ ಹಾಕಿಕೊಂಡು ಅತ್ತುಬಿಟ್ಟೆ. ಯಾಕೆಂದು ಯಾರಾದರೂ ಕೇಳಿದ್ದರೆ ಅಣಬೆಯ ಸಲುವಾಗಿ ಎಂದು ಹೇಳಬೇಕಾಗುತ್ತಿತ್ತು.

ರಜೆಗೆ ಊರಿಗೆ ಹೋದಾಗ ಹಿತ್ತಲಮನೆಯ ಪಡಸಾಲೆಯಲ್ಲಿ ಮೊರ ಹಾಕಿಸಿ ಎಲ್ಲವನ್ನೂ ಮುರಿದು ತೋರಿಸಿದೆ. ಅಷ್ಟರಲ್ಲಿ ಅವ್ವನ ಗಂಡ ತೀರಿಕೊಂಡು ಹಿರಿಯವನೇ ಮನೆಯ ಯಜಮಾನನಾಗಿದ್ದ. ಅವನು ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತಿದ್ದ. ಹಾಲು ಇಂಗಿದ ಹಾಲಣಬೆಯನ್ನು ಮುರಿತದಿಂದ, ಗರಿಗಳ ಬಣ್ಣದಿಂದ, ವಾಸನೆಯಿಂದ ಗುರುತು ಹಿಡಿಯಬಹುದೆಂದು ಹೇಳಿದೆ. ಹಾಲಿಲ್ಲದವೂ ಇದರ ಬಳಗವೇ ಎಂದೆ. ಅವ್ವ ಕೆಂಪು ಕೊಡೆಯ ಎರಡು ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

“ಅಂದ್ರ ಇಷ್ಟು ವರ್ಷ ನಮ್ಮವನ್ನ ನಾವ ತಿಪ್ಪಿಗೆ ಒಗದೇವಿ ಅನ್ನು,” ಎಂದಳು.

ಆಮೇಲೆ ನನ್ನ ಉತ್ಸಾಹ ನೋಡಿ ನಕ್ಕಳು. ಬಳಗ ಅಂದಕೂಡಲೆ ಗಡಿಗೆಯಲ್ಲಿ ಹಾಕಲು ಬರುವುದಿಲ್ಲ, ಬಳಗದಲ್ಲೂ ಖಾರದ ಮಂದಿ ಇರುತ್ತಾರೆ ಎಂದು ಚುಚ್ಚಿದಳು. ಅದು ನಿಜವೇ. ನಾನೂ ತಿನ್ನಲು ಹೇಳಲಿಲ್ಲ, ಮೇಷ್ಟರೂ ಹೇಳಿರಲಿಲ್ಲ.

ಹಿರಿಯವನು ಹಗ್ಗ ಬಿಟ್ಟು ಬಂದು ಮೊರದ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ಒಂದೊಂದನ್ನೇ ತೆಗೆದು ಮುರಿದು ನೋಡಿದ. ಹಾಲಿನದು, ಹಾಲಿಲ್ಲದ್ದು, ಮತ್ತೆ ಹಾಲಿನದು.

“ಹಾಲು ಇರದಿದ್ರೂ ಒಡಹುಟ್ಟಿದವ ಅಂತೀರಿ?”

ಹೌದು ಎಂದೆ. ಅವನು ಇನ್ನೊಂದನ್ನು ಮುರಿದ, ತುಂಡುಗಳನ್ನು ಮೊರದಲ್ಲಿ ಹುಷಾರಾಗಿ ಇಟ್ಟ, ಎದ್ದು ದನದ ಕೊಟ್ಟಿಗೆಯ ಕಡೆ ಹೋದ. ಅಂದಿನಿಂದ ಅವನು ಹಾಲಿಲ್ಲದವನ್ನು ತಿಪ್ಪೆಗೆ ಹಾಕುವುದನ್ನು ಬಿಟ್ಟ. ತಂದ ಕಾಡಿನ ಅಂಚಿಗೇ ಒಯ್ದು ಮತ್ತಿ ಮರದ ಬುಡಕ್ಕೆ ಸುರಿದು ಬರುತ್ತಾನೆ ಎಂದು ಕಿರಿಯವನು ನಗುತ್ತ ಹೇಳಿದ. ಆದರೆ ನನ್ನ ಜೊತೆ ಮಾತಿಗೆ ‘ರಿ’ ತಪ್ಪಲಿಲ್ಲ. ಸಣ್ಣ ಗೌಡ್ರ ಎನ್ನುವುದೂ ತಪ್ಪಲಿಲ್ಲ.

ಓದು ಮುಗಿದು ನಾನು ಸವಣೂರಿನಲ್ಲಿ ಮೇಷ್ಟರಾದೆ. ನಲವತ್ತರ ದಶಕ ಮುಗಿಯುತ್ತ ಬಂದಿತ್ತು. ಪುನರ್ವಸು ಮಳೆ ಹಿಡಿದಿದ್ದಾಗ ಅವ್ವನಿಗೆ ಹುಷಾರಿಲ್ಲ, ಬೇಗ ಬಾ ಎಂದು ಸವಣೂರ ಸಂತೆಗೆ ಹೊರಟಿದ್ದ ನಮ್ಮೂರಿನವರ ಕೈಯಲ್ಲಿ ಕಿರಿಯವನು ಹೇಳಿಕಳಿಸಿದ. ಬಂಕಾಪುರದ ತನಕ ಚಕ್ಕಡಿ, ಅಲ್ಲಿಂದ ಬಸ್ಸು, ಮತ್ತೆ ಕೆಸರಿನಲ್ಲಿ ನಡಿಗೆ. ನಾನು ಮುಟ್ಟಿದಾಗ ಉಸಿರಿತ್ತು, ಮಾತಿರಲಿಲ್ಲ. ನನ್ನ ಕೈ ಹಿಡಿದಳೋ, ಕೈಯೇ ಬಿಗಿಯಿತೋ ಹೇಳಲಾರೆ. ಮರುದಿನ ಮುಂಜಾನೆ ಹೋದಳು.

ಮಣ್ಣಿಗೆ ಹೊರಡುವ ಮೊದಲು ಅತ್ತೆ ನನ್ನನ್ನು ಒಳಗೆ ಕರೆದಳು. ಅವಳ ಕಣ್ಣುಗಳೂ ಕೆಂಪಾಗಿದ್ದವು. ಹೋಗಿ ಓಣಿಯವರ ಜೊತೆ ನಿಲ್ಲು, ಮುಂದೆ ಹೋಗಬೇಡ ಎಂದಳು. ಹಿತ್ತಲಮನೆಯವರ ಮಂದಿಯಲ್ಲಿ ಕುಣಿಗೆ ಹಿಡಿಮಣ್ಣು ಕೊಡುವುದಕ್ಕೆ ಒಂದು ಸಾಲಿದೆ. ಮೊದಲು ಮಕ್ಕಳು, ಆಮೇಲೆ ಅಣ್ಣತಮ್ಮಂದಿರ ಮನೆಯವರು, ಆಮೇಲೆ ಬೀಗರು, ಕೊನೆಗೆ ಓಣಿಯವರು. ಕುಲದ ಹಿರಿಯನೊಬ್ಬ ನಿಂತು ಒಂದೊಂದು ಸಾಲನ್ನೂ ಕೂಗಿ ಕರೆಯುತ್ತಾನೆ. ತಪ್ಪಿದ ಸಾಲಿನಲ್ಲಿ ಯಾರಾದರೂ ಕೈ ಹಾಕಿದರೆ ಸತ್ತವರಿಗೆ ನೆಮ್ಮದಿಯಿಲ್ಲ ಎಂದು ಅವರ ನಂಬಿಕೆ. ನಾನು ತಪ್ಪಿದ ಸಾಲಿನಲ್ಲಿ ನಿಂತು ಅವ್ವನ ನೆಮ್ಮದಿ ಕೆಡಿಸಲಾರೆ. ಹಾಗೆಂದು ಓಣಿಯವನಾಗಿ ಅವಳಿಗೆ ಮಣ್ಣು ಕೊಡುವುದೂ ನನ್ನ ಕೈಯಲ್ಲಾಗದು. ಕೊಡದೆಯೇ ಬಂದುಬಿಡುತ್ತೇನೆ ಎಂದುಕೊಂಡು ಹೊರಟೆ.

ಕುಣಿ ತೋಡಿದ್ದು ಗದ್ದೆಯ ಮೇಲಿನ ದಿಬ್ಬದಲ್ಲಿ, ಆ ಕೂಸನ್ನು ಇಟ್ಟಿದ್ದ ಜಾಗದ ಮಗ್ಗುಲಿಗೆ. ಮಳೆ ನಿಂತಿತ್ತು, ಮಣ್ಣು ಜಿಗುಟಾಗಿತ್ತು. ನಾನು ಎಲ್ಲರ ಹಿಂದೆ ನಿಂತೆ. ಸಾಲು ಕೂಗುವ ಮುದುಕ ಮಕ್ಕಳನ್ನು ಕರೆದ. ಹಿರಿಯವನು ಹಿಡಿಮಣ್ಣು ಕೊಟ್ಟ, ಕಿರಿಯವನು ಕೊಟ್ಟ. ಮುದುಕ ತಲೆಯಾಡಿಸಿ, ಅಣ್ಣತಮ್ಮಂದಿರು ಬರ್ರಿ ಎಂದು ಬಾಯಿ ತೆರೆದ.

“ತಡೀರಿ ಯಜ್ಜಾ,” ಎಂದ ಹಿರಿಯವನು. “ಇನ್ನೂ ಮಕ್ಕಳದು ಮುಗದಿಲ್ಲ.”

ಅವನು ಜನರನ್ನು ಸರಿಸಿಕೊಂಡು ನಾನಿದ್ದಲ್ಲಿಗೆ ಬಂದ, ನನ್ನ ರಟ್ಟೆ ಹಿಡಿದು ಕುಣಿಯ ಅಂಚಿಗೆ ಕರೆದೊಯ್ದ. ಬಗ್ಗಿ ಮಣ್ಣೆತ್ತಿ, ಅದರೊಳಗಿನ ಹರಳುಗಳನ್ನು ಆರಿಸಿ ತೆಗೆದು, ನನ್ನ ಬೊಗಸೆಗೆ ಹಾಕಿದ. ನಾನು ಅದನ್ನು ನನ್ನ ಪಾಲಿನದೆಂದು ತಿಳಿದು ಕೈ ಚಾಚಿದೆ. ಅವನು ನನ್ನ ಮಣಿಕಟ್ಟು ಹಿಡಿದ.

“ಮೊದ್ಲ ಆಕಿದು ಕೊಡು,” ಎಂದ. “ಆಮ್ಯಾಲ ನಿಂದು.”

ಅವನು ಯಾರ ಹೆಸರನ್ನೂ ಹೇಳಲಿಲ್ಲ. ಪಕ್ಕದ ಪುಟ್ಟ ದಿಬ್ಬದ ಕಡೆ ನೋಡಿದ ಅಷ್ಟೆ. ನಾನು ಆ ಕೂಸಿನ ಹಿಡಿಮಣ್ಣನ್ನು ಅವ್ವನ ಎದೆಯ ಮೇಲೆ ಬಿಟ್ಟೆ. ಆಮೇಲೆ ಅವನು ಇನ್ನೊಂದು ಬೊಗಸೆ ತುಂಬಿ ಕೊಟ್ಟ, ನಾನು ನನ್ನದನ್ನು ಕೊಟ್ಟೆ.